ಮನೆ ಕಟ್ಟುವ ಮೊದಲೇ ಮನೆ ತೋರಿಸುವ ಸಾಫ್ಟ್‌ವೇರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನಲ್ಲಿ ನಮ್ಮದು ಎರಡು ಕೋಣೆಯ ಆಫೀಸು. ಪ್ಲಾನ್ ಬೇರೆಯವರು ಮಾಡುತ್ತಾರೆ, ನಾವು ಅದಕ್ಕೆ ತ್ರೀಡಿ ಮಾಡಿ ರೆಂಡರ್ ಕೊಡುತ್ತೇವೆ. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಮನೆಗಳೇ ಜಾಸ್ತಿ. ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮನೆ ಕಟ್ಟಿಸುವವರದು ಒಂದು ಥರ, ಕಲಿಯುವ ಹುಡುಗರದು ಇನ್ನೊಂದು ಥರ, ಇದೇ ಕೆಲಸದಲ್ಲಿ ಇರುವವರದು ಮತ್ತೊಂದು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಆಗುತ್ತದೆ.

## ಮನೆ ಕಟ್ಟಿಸುವವರು ಕೇಳುವುದು

ಇದು ಫೋಟೋನಾ, ಚಿತ್ರನಾ? ರೆಂಡರ್ ಅಂದ್ರೆ ಎಂತ ಮಾರಾಯ್ರೆ?

ಫೋಟೋ ಅಲ್ಲ. ಫೋಟೋ ತೆಗೆಯಲು ಮನೆ ಇರಬೇಕಲ್ವಾ! ಪ್ಲಾನಿನ ಅಳತೆಯಂತೆ ಕಂಪ್ಯೂಟರಿನಲ್ಲಿ ಗೋಡೆ, ಮಾಡು, ಕಿಟಕಿ ಎಲ್ಲ ಕಟ್ಟುತ್ತೇವೆ. ಅದು ಮಾಡೆಲ್. ಯಾವ ಗೋಡೆಗೆ ಯಾವ ಬಣ್ಣ, ಎಲ್ಲಿ ಮುರಕಲ್ಲು (ನಮ್ಮ ಕಡೆಯ ತೂತುತೂತಾದ ಕೆಂಪು ಕಲ್ಲು), ಎಲ್ಲಿ ಗಾಜು ಎಂದು ಹೇಳಿಕೊಡುತ್ತೇವೆ. ಒಂದು ಕಡೆ ಸೂರ್ಯನನ್ನು ಇಡುತ್ತೇವೆ, ಒಂದು ಕಡೆ ಕ್ಯಾಮೆರಾ. ಬೆಳಕು ಎಲ್ಲಿ ಬಿತ್ತು, ಅಲ್ಲಿಂದ ಎಲ್ಲಿಗೆ ಚಿಮ್ಮಿತು, ಕೊನೆಗೆ ಕ್ಯಾಮೆರಾಕ್ಕೆ ಎಷ್ಟು ಬಂತು ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಹೆಸರೇ ರೆಂಡರಿಂಗ್. ಹಾಗಾಗಿ ಅಳತೆ ತಪ್ಪಿದ್ದರೆ ಚಿತ್ರ ಎಷ್ಟು ಚಂದ ಬಂದರೂ ಸುಳ್ಳೇ.

ಮೊದಲು ಎರಡು ದಿನ ಬೇಕು ಅಂತಿದ್ರಿ. ಈಗ ಮಧ್ಯಾಹ್ನದೊಳಗೆ ಕೊಡ್ತೀರಿ. ರೇಟ್ ಮಾತ್ರ ಯಾಕೆ ಇಳಿಯಲಿಲ್ಲ?

ನ್ಯಾಯವಾದ ಪ್ರಶ್ನೆ. ಇಳಿದಿರುವುದು ಕಂಪ್ಯೂಟರ್ ಲೆಕ್ಕ ಹಾಕುವ ಸಮಯ. 2018ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳು ಬಂದವು. ಬೆಳಕಿನ ಕಿರಣಗಳನ್ನು ಹಿಂಬಾಲಿಸುವ ಲೆಕ್ಕಕ್ಕೆಂದೇ ಅವುಗಳಲ್ಲಿ ಬೇರೆ ಭಾಗ ಇದೆ. ಮುಂದಿನ ವರ್ಷ ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನ 2.81ನೇ ಆವೃತ್ತಿಯ ಜೊತೆ ಇಂಟೆಲ್ ಕಂಪನಿಯ ಡಿನಾಯ್ಸರ್ ಬಂತು. ಪೂರ್ತಿ ಲೆಕ್ಕ ಮುಗಿಯುವ ಮೊದಲೇ ಚಿತ್ರದಲ್ಲಿ ಉಳಿಯುವ ರವೆಯಂಥ ಚುಕ್ಕೆಗಳನ್ನು ಅದು ಒರೆಸಿ ಕೊಡುತ್ತದೆ. ಈ ಎರಡರಿಂದ ರಾತ್ರಿಯಿಡೀ ಓಡುತ್ತಿದ್ದ ಲೆಕ್ಕ ನಿಮಿಷಗಳಿಗೆ ಇಳಿಯಿತು.

ಆದರೆ ಮನೆಯನ್ನು ಕೂತು ಕಟ್ಟುವವರು ನಾವೇ. ಪ್ಲಾನಿನಲ್ಲಿ ಮೆಟ್ಟಿಲಿನ ಲೆಕ್ಕ ಕೂಡಿ ಬಾರದಿದ್ದರೆ ಡ್ರಾಫ್ಟ್ಸ್‌ಮನ್‌ಗೆ ಫೋನ್ ಮಾಡುವುದೂ ನಾವೇ. ಇನ್ನೊಂದು ಮಾತು, ಬೇಜಾರು ಮಾಡಬೇಡಿ. ರೆಂಡರ್ ಬೇಗ ಆಗುತ್ತದೆ ಎಂದು ಗೊತ್ತಾದ ಮೇಲೆ ನೀವು ಹೇಳುವ ಬದಲಾವಣೆಗಳೂ ಜಾಸ್ತಿ ಆಗಿವೆ. ಮೊದಲು ಮೂರು ಸಲ ಬದಲಿಸಿ ಸಾಕು ಎನ್ನುತ್ತಿದ್ದರು. ಈಗ ಹದಿಮೂರು.

ಪಂಚಾಯತ್ ಪರ್ಮಿಟ್‌ಗೆ ಈ ಚಿತ್ರ ಬೇಕಾ?

ಬೇಡ. ಅವರಿಗೆ ಬೇಕಾದ್ದು ಅಳತೆ ಇರುವ ಪ್ಲಾನ್, ಎಲಿವೇಷನ್, ಸೆಕ್ಷನ್, ಸೈಟ್ ಪ್ಲಾನ್. ರೆಂಡರ್ ನಿಮಗೆ, ನಿಮ್ಮ ಮನೆಯವರಿಗೆ, ಮೇಸ್ತ್ರಿಗೆ.

ಚಿತ್ರದಲ್ಲಿ ಕಂಡ ಬಣ್ಣ ಗೋಡೆಗೆ ಬರಲೇ ಇಲ್ಲ. ಪೈಂಟ್ ಮೋಸವಾ, ನಿಮ್ಮ ಚಿತ್ರ ಮೋಸವಾ?

ಎರಡೂ ಅಲ್ಲದೆ ಇರಬಹುದು. ನನ್ನದೇ ಒಂದು ಪೇಚಾಟ ಹೇಳುತ್ತೇನೆ. ಶಾರ್ಜಾದಲ್ಲಿದ್ದ ಒಬ್ಬರಿಗೆ ಸಿಟೌಟಿನ (ಮನೆಯೆದುರಿನ ಜಗಲಿಯ) ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ತಿಳಿ ಬೂದು ಬಣ್ಣದ ಗೋಡೆ. ಅವರು ನೋಡಿದ್ದು ರಾತ್ರಿ, ಮಲಗುವ ಕೋಣೆಯಲ್ಲಿ. ಫೋನಿನಲ್ಲಿ ಕಣ್ಣಿಗೆ ಹಿತವಾಗಲಿ ಎಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಆನ್ ಇತ್ತು. ‘ಈ ಕೆನೆಬಣ್ಣ ಭಾರಿ ಚಂದ, ಇದೇ ಇರಲಿ’ ಎಂದರು. ನಾನೂ ಹೂಂ ಎಂದೆ. ಮನೆಗೆ ಬೂದು ಬಣ್ಣ ಬಳಿದಾಯಿತು. ರಜೆಗೆ ಬಂದವರು ಗೇಟಿನಲ್ಲೇ ನಿಂತುಬಿಟ್ಟರು.

ಇದಲ್ಲದೆ ಸಾಫ್ಟ್‌ವೇರ್ ಒಳಗೂ ಒಂದು ಕಾರಣ ಇದೆ. ಲೆಕ್ಕ ಹಾಕಿದ ಬೆಳಕನ್ನು ಪರದೆಯಲ್ಲಿ ತೋರಿಸಲು ಒಂದು ಸೂತ್ರ ಬೇಕು. 2023ರ ಬ್ಲೆಂಡರ್ 4.0ರಿಂದ ಅದರಲ್ಲಿ ಮೊದಲೇ ಆಯ್ಕೆಯಾಗಿ ಬರುವುದು ಏಜಿಎಕ್ಸ್ ಎಂಬ ಸೂತ್ರ. ಜೋರು ಬಿಸಿಲಿನಲ್ಲಿ ಗಾಢ ಬಣ್ಣಗಳು ಫೋಟೋದಲ್ಲಿ ಬೆಳ್ಳಗಾಗುತ್ತವೆ ನೋಡಿ, ಇದರಲ್ಲೂ ಹಾಗೇ ಆಗುತ್ತದೆ. ಚಿತ್ರ ನಿಜವೆನ್ನಿಸುವುದು ಅದರಿಂದಲೇ. ಆದರೆ ಮುರಕಲ್ಲು ಸ್ವಲ್ಪ ಪೇಲವ ಕಾಣುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸುವ ‘ಲುಕ್’ ಅದರಲ್ಲೇ ಇದೆ, ಒಂದು ಹಂತ ಏರಿಸಿದರೆ ಸರಿಯಾಗುತ್ತದೆ.

ಬಣ್ಣ ಆರಿಸಲು ಮಾತ್ರ ನನ್ನ ಚಿತ್ರವನ್ನು ನಂಬಬೇಡಿ. ಶೇಡ್ ಕಾರ್ಡ್ ನೋಡಿ. ಸಣ್ಣ ಡಬ್ಬಿ ತಂದು ಗೋಡೆಯಲ್ಲಿ ಎರಡು ಅಡಿ ಚೌಕ ಬಳಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ತೀರ್ಮಾನ ಮಾಡಿ.

## ಕಲಿಯುವವರು ಕೇಳುವುದು

ಸರ್, ದುಡ್ಡು ಹಾಕದೆ ಕಲೀಬೇಕು. ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ಬ್ಲೆಂಡರ್. ಪೂರ್ತಿ ಉಚಿತ, ಸಂಬಳದ ಕೆಲಸಕ್ಕೂ ಉಚಿತ. ಕಲಿಯುವುದು ಸ್ವಲ್ಪ ಕಷ್ಟ, ಮೊದಲ ಹದಿನೈದು ದಿನ ಬೈದುಕೊಳ್ಳುತ್ತೀರಿ. ಆದರೆ ಮಾಡೆಲ್, ಬೆಳಕು, ರೆಂಡರ್, ವಿಡಿಯೋ ಎಲ್ಲ ಒಂದೇ ಕಡೆ ಇದೆ. ಇಲ್ಲಿ ಕಲಿತದ್ದು ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಬೇಗ ಚಿತ್ರ ಬೇಕು ಎಂದರೆ ಟ್ವಿನ್‌ಮೋಷನ್. ಇದು ಎಪಿಕ್ ಗೇಮ್ಸ್ ಕಂಪನಿಯದು. 2024ರಿಂದ, ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯ ಇರುವವರಿಗೆ ಉಚಿತ. ನಮ್ಮ ಊರಿನಲ್ಲಿ ಆ ಗೆರೆ ದಾಟಿದವರು ಯಾರಾದರೂ ಇದ್ದರೆ ನನಗೂ ಹೇಳಿ. ಡಿ5 ರೆಂಡರ್‌ಗೂ ಒಂದು ಉಚಿತ ಆವೃತ್ತಿ ಇದೆ. ಲೂಮಿಯಾನ್, ಎನ್‌ಸ್ಕೇಪ್, ವಿ-ರೇ ದುಡ್ಡು ಕೊಟ್ಟು ಬಳಸುವಂಥವು. ಕದ್ದ ಕಾಪಿ ಹಾಕಿ ಕಲಿಯಬೇಡಿ. ಉಪದೇಶಕ್ಕೆ ಹೇಳುತ್ತಿಲ್ಲ. ಒಮ್ಮೆ ಅಂಥ ಪೆನ್‌ಡ್ರೈವ್ ಹಾಕಿಸಿಕೊಂಡು ನಮ್ಮ ಆಫೀಸಿನ ಆರು ತಿಂಗಳ ಫೈಲು ವೈರಸ್ಸಿಗೆ ಹೋಗಿದೆ.

ಗ್ರಾಫಿಕ್ಸ್ ಕಾರ್ಡ್ ತಗೊಳ್ಬೇಕು. ಹೊಸ ಮಾಡೆಲ್ ಮುಖ್ಯವಾ, ಜಿಬಿ ಮುಖ್ಯವಾ?

ಮನೆಗಳ ಕೆಲಸಕ್ಕೆ ಮೊದಲು ಜಿಬಿ, ಅಂದರೆ ಕಾರ್ಡಿನ ಮೆಮೊರಿ ನೋಡಿ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಇರುವ ಕಾರ್ಡ್ ಸಿಗುತ್ತಿತ್ತು. ಅದರ ನಂತರದ 4060ರಲ್ಲಿ 8 ಮಾತ್ರ. ಹೊಸದು ವೇಗ ಹೌದು. ಆದರೆ ಮನೆಯ ಹಿಂದೆ ತೋಟ ಹಾಕಿದ ಕೂಡಲೇ ಮೆಮೊರಿ ತುಂಬಿ ಸಾಫ್ಟ್‌ವೇರ್ ಮುಚ್ಚಿಕೊಂಡರೆ ಆ ವೇಗದಿಂದ ಏನು ಪ್ರಯೋಜನ?

ಇರುವ ಕಾರ್ಡಿನಲ್ಲೇ ಸುಧಾರಿಸುವ ದಾರಿಯೂ ಇದೆ. ನಾನೂರು ಅಡಿಕೆ ಮರ ಬೇಕಾದರೆ ನಾನೂರು ಸಲ ಕಾಪಿ ಮಾಡಬೇಡಿ. ಇನ್‌ಸ್ಟೆನ್ಸ್ ಮಾಡಿ. ಆಗ ಮರ ಮೆಮೊರಿಯಲ್ಲಿ ಒಂದೇ ಇರುತ್ತದೆ, ನಾನೂರು ಕಡೆ ಕಾಣುತ್ತದೆ. ದೂರದ ಗೋಡೆಗೆ 8ಕೆ ಟೆಕ್ಸ್‌ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಬೇಡ, 2ಕೆ ಸಾಕು.

ರಿಯಲ್ ಟೈಮ್, ಪಾಥ್ ಟ್ರೇಸಿಂಗ್ ಅಂತಾರಲ್ಲ, ಎರಡಕ್ಕೂ ಎಂತ ವ್ಯತ್ಯಾಸ?

ಒಂದು ಕೋಣೆ ನೆನಪಿಸಿಕೊಳ್ಳಿ. ಸಾರಣೆ ಮಾಡದ ಮುರಕಲ್ಲಿನ ಗೋಡೆ, ಬಿಳಿ ಸೀಲಿಂಗ್, ಪಶ್ಚಿಮಕ್ಕೆ ಕಿಟಕಿ. ಸಂಜೆ ಬಿಸಿಲು ಒಳಗೆ ಬಂದು ಕಲ್ಲಿಗೆ ಬಿತ್ತು. ಸೀಲಿಂಗ್ ಯಾವ ಬಣ್ಣ ಕಾಣುತ್ತದೆ? ಬಿಳಿ ಅಲ್ಲ, ತೆಳು ಕೆಂಪು. ಕಲ್ಲಿಗೆ ತಾಗಿದ ಬೆಳಕು ಕಲ್ಲಿನ ಬಣ್ಣ ಹೊತ್ತುಕೊಂಡು ಮೇಲಕ್ಕೆ ಹೋಯಿತು.

ಪಾಥ್ ಟ್ರೇಸಿಂಗ್ ಈ ಪ್ರಯಾಣವನ್ನು ಒಂದೊಂದು ಕಿರಣವಾಗಿ ಹಿಂಬಾಲಿಸುತ್ತದೆ. ಇದರ ಗಣಿತವನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಕಜಿಯ 1986ರಲ್ಲೇ ಬರೆದಿಟ್ಟಿದ್ದರು. ಅಂದಿನ ಯಂತ್ರಗಳಿಗೆ ಶಕ್ತಿ ಇರಲಿಲ್ಲ, ಅಷ್ಟೇ. ಬ್ಲೆಂಡರಿನ ಸೈಕಲ್ಸ್, ವಿ-ರೇ, ಕೊರೋನಾ ಎಂಬ ರೆಂಡರ್ ಸಾಫ್ಟ್‌ವೇರ್ ಎಲ್ಲ ಈ ದಾರಿಯವು. ರಿಯಲ್ ಟೈಮ್ ಎಂದರೆ ಆಟದ ಸಾಫ್ಟ್‌ವೇರ್‌ಗಳ ದಾರಿ. ಕ್ಷಣದಲ್ಲಿ ತೋರಿಸಬೇಕು, ಹಾಗಾಗಿ ಚಿಮ್ಮುವ ಬೆಳಕನ್ನು ಅಂದಾಜು ಮಾಡುತ್ತದೆ.

ಈಗ ಎರಡೂ ಹತ್ತಿರ ಬರುತ್ತಿವೆ. ಟ್ವಿನ್‌ಮೋಷನ್‌ಗೆ 2022ರಲ್ಲಿ ಪಾಥ್ ಟ್ರೇಸರ್ ಬಂತು, 2023.2ರಲ್ಲಿ ಲೂಮೆನ್ ಎಂಬ ತಕ್ಷಣದ ಬೆಳಕಿನ ಲೆಕ್ಕ ಬಂತು. ಲೂಮಿಯಾನ್ 2023ಕ್ಕೆ ರೇ ಟ್ರೇಸಿಂಗ್ (ಕಿರಣಗಳನ್ನು ಹಿಂಬಾಲಿಸುವ ಲೆಕ್ಕ) ಸೇರಿತು. ಬ್ಲೆಂಡರ್ 4.2ರಲ್ಲಿ, ಅಂದರೆ 2024ರ ಜುಲೈಯಲ್ಲಿ, ಅದರ ರಿಯಲ್ ಟೈಮ್ ರೆಂಡರ್ ಭಾಗವಾದ ಈವೀಯನ್ನು ಹೊಸದಾಗಿ ಬರೆದರು. ನೆರಳು ಎಷ್ಟೋ ಚೆನ್ನಾಗಿದೆ, ಕಲ್ಲಿನ ಉಬ್ಬುತಗ್ಗು ನಿಜವಾಗಿ ಎದ್ದು ಕಾಣುವ ಡಿಸ್‌ಪ್ಲೇಸ್‌ಮೆಂಟ್ ಬಂದಿದೆ. ಆದರೆ ಈವೀಯ ರೇ ಟ್ರೇಸಿಂಗ್ ಪರದೆಯಲ್ಲಿ ಕಾಣುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕ್ಯಾಮೆರಾದ ಹಿಂದಿನ ಬೀರು ಎದುರಿನ ಕನ್ನಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ನಾನು ಹೊರಗಿನ ನೋಟಕ್ಕೆ ಈವೀ ಬಳಸುತ್ತೇನೆ, ಒಳಕೋಣೆಗೆ ಸೈಕಲ್ಸ್.

ಡಿನಾಯ್ಸರ್ ಹಾಕಿದ್ರೆ ಮುರಕಲ್ಲಿನ ತೂತೆಲ್ಲ ಮಾಯ ಆಗ್ತದೆ. ಎಂತ ಮಾಡುದು?

ಇದು ನಮ್ಮ ಕಡೆಯವರಿಗೇ ಜಾಸ್ತಿ ಬರುವ ತೊಂದರೆ. ಮುರಕಲ್ಲನ್ನು ಹತ್ತಿರದಿಂದ ನೋಡಿ. ಸಾಸಿವೆ ಗಾತ್ರದ ತೂತು, ಕಡಲೆ ಗಾತ್ರದ ತೂತು, ಒಳಗೆ ಹಳದಿ ಜೇಡಿ, ಅಂಚಿನಲ್ಲಿ ಕಪ್ಪು. ಡಿನಾಯ್ಸರ್‌ಗೆ ಈ ತೂತು ಯಾವುದು, ಲೆಕ್ಕ ಮುಗಿಯದ ಚುಕ್ಕೆ ಯಾವುದು ಎಂದು ಗೊತ್ತಾಗದೆ ಎರಡನ್ನೂ ಒರೆಸುತ್ತದೆ. ಗೋಡೆ ಕೆಂಪು ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗಾಗುತ್ತದೆ.

ಮೊದಲು ನೋಡಬೇಕಾದ್ದು, ಡಿನಾಯ್ಸರ್‌ಗೆ ಆಲ್ಬಿಡೋ ಮತ್ತು ನಾರ್ಮಲ್ ಪಾಸ್‌ಗಳು ಹೋಗುತ್ತಿವೆಯೇ ಎಂದು. ಮೇಲ್ಮೈಯ ಬಣ್ಣ ಯಾವುದು, ಅದು ಯಾವ ಕಡೆ ಮುಖ ಮಾಡಿದೆ ಎಂದು ಅವು ಹೇಳುತ್ತವೆ. ಬ್ಲೆಂಡರಿನಲ್ಲಿ ಪ್ರೀಫಿಲ್ಟರ್ ‘ಆಕ್ಯುರೇಟ್’ ಇರಲಿ. ಆಮೇಲೆ ಸ್ಯಾಂಪಲ್ (ಚಿತ್ರದ ಪ್ರತಿ ಚುಕ್ಕೆಗೆ ಹಿಂಬಾಲಿಸುವ ಕಿರಣಗಳ ಸಂಖ್ಯೆ) ಸ್ವಲ್ಪ ಏರಿಸಿ. 64 ಸ್ಯಾಂಪಲ್‌ಗೆ ಡಿನಾಯ್ಸರ್ ಹಾಕಿ ಪವಾಡ ಬೇಕು ಎನ್ನಬೇಡಿ, 512ಕ್ಕೆ ಹಾಕಿ ನೋಡಿ. ಬ್ಲೆಂಡರ್ 4.1ರಿಂದ ಈ ಡಿನಾಯ್ಸರ್ ಗ್ರಾಫಿಕ್ಸ್ ಕಾರ್ಡಿನಲ್ಲೇ ಓಡುತ್ತದೆ, ಕಾಯುವುದು ಕಮ್ಮಿ. ಇಷ್ಟಾದರೂ ನುಣ್ಣಗೆ ಕಂಡರೆ ಡಿನಾಯ್ಸ್ ಮಾಡಿದ ಚಿತ್ರದ ಮೇಲೆ ಮಾಡದ ಚಿತ್ರವನ್ನು ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಬೆರೆಸಿ. ಸ್ವಲ್ಪ ರವೆ ಉಳಿಯುತ್ತದೆ. ಕಲ್ಲಿಗೆ ಅದು ಒಪ್ಪುತ್ತದೆ.

ಸೂರ್ಯನನ್ನು ಎಲ್ಲಿ ಇಡುದು ಅಂತಲೇ ಗೊತ್ತಾಗುದಿಲ್ಲ. ಚಂದ ಕಂಡಲ್ಲಿ ಇಟ್ರೆ ಸಾಲದಾ?

ಸಾಲದು. ಈ ಒಂದು ಪ್ರಶ್ನೆಗೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಈಗ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಊರು, ದಿನಾಂಕ, ಗಂಟೆ ಕೊಟ್ಟರೆ ಸೂರ್ಯ ತಾನೇ ಸರಿಯಾದ ಜಾಗಕ್ಕೆ ಹೋಗುವ ಸೌಲಭ್ಯ ಇದೆ. ಬ್ಲೆಂಡರಿಗೆ ‘ಸನ್ ಪೊಸಿಷನ್’ ಎಂಬ ಆಡ್-ಆನ್ (ಬೇರೆಯಾಗಿ ಸೇರಿಸಿಕೊಳ್ಳುವ ಭಾಗ) ಇದೆ. ಯಾರೂ ಬಳಸುವುದಿಲ್ಲ. ಬಳಸಿದರೂ ಊರು ಬದಲಿಸುವುದಿಲ್ಲ. ನಮ್ಮ ಮನೆಯ ಮೇಲೆ ಯೂರೋಪಿನ ಸೂರ್ಯ ದಕ್ಷಿಣದಿಂದ ಓರೆಯಾಗಿ ಬೆಳಗುತ್ತಿರುತ್ತಾನೆ, ಚಿತ್ರವೇನೋ ಬಂಗಾರ.

ಕಾಸರಗೋಡು 12.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಅಂದರೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಸುಮಾರು ಏಪ್ರಿಲ್ 23ಕ್ಕೆ ಒಮ್ಮೆ, ಆಗಸ್ಟ್ 20ಕ್ಕೆ ಒಮ್ಮೆ. ನಡುವಿನ ನಾಲ್ಕು ತಿಂಗಳು ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ 11 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದು ಮಧ್ಯಾಹ್ನವೂ 54 ಡಿಗ್ರಿ ಎತ್ತರದಲ್ಲಷ್ಟೇ ನಿಲ್ಲುತ್ತಾನೆ. ‘ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಅತ್ತ ದೊಡ್ಡ ಗಾಜು ಹಾಕಿಸಿದವರಿದ್ದಾರೆ. ಮೇ ತಿಂಗಳಲ್ಲಿ ನಡುಹಗಲಿನ ಬಿಸಿಲನ್ನು ಎರಡು ಅಡಿ ಸನ್‌ಶೇಡ್ ತಡೆಯುತ್ತದೆ. ಬೆಳಿಗ್ಗೆ ಎಂಟರ ಬಿಸಿಲು ಈಶಾನ್ಯದ ಕಡೆಯಿಂದ ಓರೆಯಾಗಿ ಬರುವಾಗ ಸನ್‌ಶೇಡ್‌ಗೆ ಪೂರ್ತಿ ತಡೆಯಲಾಗುವುದಿಲ್ಲ. ಇದನ್ನು ಮೊದಲೇ ತೋರಿಸಬಹುದಲ್ವಾ?

ಗಡಿಯಾರದ ಗೊಂದಲವೂ ಒಂದಿದೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಏಳೂವರೆ ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಹಾಗಾಗಿ ನಮ್ಮ ನಿಜವಾದ ನಡುಹಗಲು 12 ಗಂಟೆಗೆ ಅಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಟೈಮ್ ಝೋನ್ 5.5 ಎಂದು ಕೊಟ್ಟರೆ ಸಾಫ್ಟ್‌ವೇರ್ ಇದನ್ನು ಸರಿ ಮಾಡಿಕೊಳ್ಳುತ್ತದೆ. ಸೊನ್ನೆ ಬಿಟ್ಟರೆ ಬೆಳಿಗ್ಗೆ ಎಂಟು ಎಂದು ಕೊಟ್ಟಲ್ಲಿ ಮಧ್ಯಾಹ್ನದ ಬಿಸಿಲು ಬರುತ್ತದೆ.

ಕೊನೆಗೆ ಉತ್ತರ ದಿಕ್ಕು. ಡ್ರಾಫ್ಟ್ಸ್‌ಮನ್ ಪ್ಲಾನನ್ನು ಹಾಳೆಗೆ ಚಂದ ಕೂರಲಿ ಎಂದು ತಿರುಗಿಸಿರುತ್ತಾರೆ. ಬಾಣದ ಗುರುತು ನೋಡಿ, ಮಾಡೆಲ್‌ನಲ್ಲಿ ಅಷ್ಟೇ ತಿರುಗಿಸಿ. ನಾನು ಪ್ರತಿ ಮನೆಗೂ ಮೂರು ಚಿತ್ರ ತೆಗೆಯುತ್ತೇನೆ. ಮೇ ಬೆಳಿಗ್ಗೆ 8, ಮೇ ಸಂಜೆ 4, ಡಿಸೆಂಬರ್ ಸಂಜೆ 4. ಚಂದದ್ದನ್ನು ಆಮೇಲೆ ಬೇರೆ ತೆಗೆಯುತ್ತೇನೆ.

ಲೈಬ್ರರಿಯಲ್ಲಿ ಅಡಿಕೆ ಮರವೂ ಇಲ್ಲ, ನಮ್ಮ ಕಲ್ಲೂ ಇಲ್ಲ. ಎಲ್ಲಿ ಸಿಗ್ತದೆ?

ಇದು ನಿಜವಾದ ಕೊರತೆ. ಈ ಸಾಫ್ಟ್‌ವೇರ್‌ಗಳ ಜೊತೆ ಸಾವಿರಾರು ವಸ್ತುಗಳು ಬರುತ್ತವೆ. ಓಕ್ ಇದೆ, ಬರ್ಚ್ ಇದೆ, ಲ್ಯಾವೆಂಡರ್ ಇದೆ. ತಾಳೆಜಾತಿ ಎಂದು ಹುಡುಕಿದರೆ ಹೋಟೆಲ್ ಎದುರು ನೆಡುವ ಮರ ಸಿಗುತ್ತದೆ. ಅಡಿಕೆಯ ಕಾಂಡ ಅಷ್ಟು ದಪ್ಪ ಇರುತ್ತದಾ?

ಕಲ್ಲನ್ನು ನೀವೇ ಮಾಡಿಕೊಳ್ಳಿ. ಮೋಡ ಇರುವ ದಿನ ಸಾರಣೆ ಮಾಡದ ಗೋಡೆಯ ಎದುರು ನೆಟ್ಟಗೆ ನಿಂತು ಫೋಟೋ ತೆಗೆಯಿರಿ. ಬಿಸಿಲಿದ್ದರೆ ತೂತುಗಳ ನೆರಳೂ ಫೋಟೋದಲ್ಲಿ ಬಂದು ಕೂರುತ್ತದೆ, ಆಮೇಲೆ ನೀವು ಹಾಕುವ ಸೂರ್ಯನ ಜೊತೆ ಜಗಳ ಆಡುತ್ತದೆ. ಒಂದು ಕಲ್ಲನ್ನು ಟೇಪ್ ಹಿಡಿದು ಅಳೆಯಿರಿ. ಟೆಕ್ಸ್‌ಚರ್‌ನಲ್ಲಿ ಕಲ್ಲು ಅದೇ ಅಳತೆಗೆ ಬರಬೇಕು. ಮಲಯಾಳದಲ್ಲಿ ಇದನ್ನು ಚೆಂಕಲ್ಲು ಎನ್ನುತ್ತಾರೆ. ಹಳೆಯ ಮುರಕಲ್ಲು ಮಳೆ ಬಿಸಿಲಿಗೆ ಹೇಗಾಗುತ್ತದೆ ಎಂದು ನೋಡಬೇಕಿದ್ದರೆ ಬೇಕಲ ಕೋಟೆಗೆ ಹೋಗಿ. ಗೋಡೆಯೆಲ್ಲ ಅದೇ ಕಲ್ಲು. ಸಂಜೆ ಐದಕ್ಕೆ ಹೋದರೆ ಒಳ್ಳೆಯದು.

ತೋಟ ಹಾಕುವಾಗ ಒಂದು ಎಚ್ಚರ. ವಿ-ರೇ 6ರ ಕೇಯಾಸ್ ಸ್ಕ್ಯಾಟರ್, ಬ್ಲೆಂಡರಿನ ಜಿಯೋಮೆಟ್ರಿ ನೋಡ್ಸ್, ಇಂಥವು ಮರಗಳನ್ನು ಕ್ಷಣದಲ್ಲಿ ಚೆಲ್ಲಿ ಕೊಡುತ್ತವೆ. ಚೆಲ್ಲಿದ್ದು ಕಾಡಿನ ಹಾಗೆ ಇರುತ್ತದೆ. ಅಡಿಕೆ ತೋಟ ಸಾಲು. ಸಾಮಾನ್ಯವಾಗಿ ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ ಒಂಬತ್ತು ಅಡಿ. ತೆಂಗಿಗೆ 7.5 ಮೀಟರ್. ಮೊದಲು ಆ ಲೆಕ್ಕದ ಚೌಕಗಳನ್ನು ಮಾಡಿ, ಪ್ರತಿ ಮೂಲೆಯಲ್ಲಿ ಒಂದು ಮರ ಇಟ್ಟು, ಆಮೇಲೆ ಅರ್ಧ ಅಡಿ ಅತ್ತಿತ್ತ ಅಲುಗಿಸಿ. ನಡುನಡುವೆ ಎರಡು ಮರ ತೆಗೆಯಿರಿ, ಸತ್ತ ಜಾಗ. ಮನೆಯ ಯಜಮಾನರು ಚಿತ್ರ ನೋಡಿದಾಗ ಮೊದಲು ಕಣ್ಣು ಹೋಗುವುದು ತೋಟಕ್ಕೆ. ಅದು ಸರಿ ಇದ್ದರೆ ಮನೆಯ ಮೇಲೂ ನಂಬಿಕೆ ಬರುತ್ತದೆ.

## ಇದೇ ಕೆಲಸದಲ್ಲಿ ಇರುವವರು ಕೇಳುವುದು

ಲೈಟ್ ಮಿಕ್ಸ್ ಮತ್ತೆ ಲೈಟ್ ಲಿಂಕಿಂಗ್ ಒಂದೇನಾ?

ಬೇರೆ ಬೇರೆ. ಲೈಟ್ ಮಿಕ್ಸ್ ಎಂದರೆ ಒಮ್ಮೆ ರೆಂಡರ್ ಮಾಡಿ ಆಮೇಲೆ ಪ್ರತಿ ದೀಪದ ಜೋರು, ಬಣ್ಣ ಬದಲಿಸುವುದು. ಕೊರೋನಾದಲ್ಲಿ ಮೊದಲೇ ಇತ್ತು, ವಿ-ರೇಗೆ 2020ರ 5ನೇ ಆವೃತ್ತಿಯಲ್ಲಿ ಬಂತು. ಬ್ಲೆಂಡರಿನಲ್ಲಿ 3.2ರಿಂದ ಲೈಟ್ ಗ್ರೂಪ್ ಇದೆ, ಕಂಪೋಸಿಟರ್‌ನಲ್ಲಿ (ರೆಂಡರ್ ಆದ ಚಿತ್ರಗಳನ್ನು ಬೆರೆಸುವ ಭಾಗ) ನಾವೇ ಕೂಡಿಸಬೇಕು. ಗಿರಾಕಿ ಪಕ್ಕದಲ್ಲೇ ಕೂತು ‘ದೇವರಕೋಣೆ ದೀಪ ಸ್ವಲ್ಪ ಹಳದಿ ಮಾಡಿ, ಹಾಲ್‌ನದ್ದು ಆಫ್ ಮಾಡಿ’ ಎಂದಾಗ ಅಲ್ಲೇ ಮಾಡಿ ತೋರಿಸಬಹುದು. ಇತ್ತೀಚೆಗೆ ಬಂದ ಸೌಲಭ್ಯಗಳಲ್ಲಿ ನನಗೆ ಅತಿ ಹೆಚ್ಚು ಸಮಯ ಉಳಿಸಿಕೊಟ್ಟದ್ದು ಇದು.

ಲೈಟ್ ಲಿಂಕಿಂಗ್ ಎಂದರೆ ಈ ದೀಪ ಈ ವಸ್ತುವಿಗೆ ಮಾತ್ರ ಬೆಳಕು ಕೊಡಲಿ ಎನ್ನುವುದು. ಸೈಕಲ್ಸ್‌ಗೆ 4.0ರಲ್ಲಿ, ಈವೀಗೆ 4.3ರಲ್ಲಿ ಬಂತು. ನಿಜ ಜಗತ್ತಿನಲ್ಲಿ ಇಂಥ ದೀಪ ಇಲ್ಲ. ಸೋಫಾದ ಅಂಚು ಎದ್ದು ಕಾಣಲಿ ಎಂದು ನಾನೂ ಬಳಸುತ್ತೇನೆ. ಕತ್ತಲಿನ ಕೋಣೆಯನ್ನು ಬೆಳಗಿಸಲು ಬಳಸುವುದಿಲ್ಲ. ಕೋಣೆಗೆ ಕಿಟಕಿ ಸಾಲದಿದ್ದರೆ ಚಿತ್ರದಲ್ಲಿ ಕತ್ತಲೆ ಕಾಣಬೇಕು.

ವಿಡಿಯೋ ರೆಂಡರ್ ಆಗ್ತಾ ಇರುವಾಗ ಕರೆಂಟ್ ಹೋದ್ರೆ ಎಲ್ಲ ಹೋಯ್ತಾ?

ನೇರ ವಿಡಿಯೋ ಫೈಲಿಗೆ ಕೊಟ್ಟಿದ್ದರೆ ಹೋಯಿತು. ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸಿದರೆ ನಿಂತಲ್ಲಿಂದ ಮುಂದುವರಿಸಬಹುದು. ಲೆಕ್ಕ ಹಾಕಿ. 30 ಸೆಕೆಂಡಿನ ವಿಡಿಯೋ, ಸೆಕೆಂಡಿಗೆ 25 ಫ್ರೇಮ್, ಒಟ್ಟು 750. ಒಂದಕ್ಕೆ 40 ಸೆಕೆಂಡ್ ಹಿಡಿದರೆ 8 ಗಂಟೆ 20 ನಿಮಿಷ. ಜೂನ್ ಜುಲೈಯಲ್ಲಿ ನಮ್ಮ ಊರಲ್ಲಿ ಕರೆಂಟು ಅಷ್ಟು ಹೊತ್ತು ಒಂದೇ ಸಮ ನಿಂತ ರಾತ್ರಿ ನನಗೆ ನೆನಪಿಲ್ಲ. ಯುಪಿಎಸ್ ಇರುವುದು ಫೈಲ್ ಸೇವ್ ಮಾಡಿ ಮುಚ್ಚಲು, ರೆಂಡರ್ ಮುಗಿಸಲು ಅಲ್ಲ.

ಹೊಸ ವರ್ಷನ್ ಬಂದ ಕೂಡಲೇ ಹಾಕಿಕೊಳ್ಬೇಕಾ?

ಹಾಕಿ, ಆದರೆ ಹಳೆಯದನ್ನು ತೆಗೆಯಬೇಡಿ. ನಡೆಯುತ್ತಿರುವ ಕೆಲಸವನ್ನು ಹೊಸದರಲ್ಲಿ ತೆರೆಯಲೂಬೇಡಿ. ಈವೀ ಬದಲಾದಾಗ ನಾನು ಆ ತಪ್ಪು ಮಾಡಿದೆ. 4.1ರಲ್ಲಿ ಒಪ್ಪಿಗೆಯಾದ ಚಿತ್ರವನ್ನು 4.2ರಲ್ಲಿ ತೆರೆದು ಒಂದು ಬಾಗಿಲು ಬದಲಿಸಿ ಕಳಿಸಿದೆ. ಬೆಳಕೇ ಬೇರೆ ಥರ ಬಂದಿತ್ತು. ‘ನಾವು ಬಾಗಿಲು ಮಾತ್ರ ಹೇಳಿದ್ದಲ್ವಾ’ ಎಂದು ಫೋನ್ ಬಂತು.

ಬ್ಲೆಂಡರಿನಲ್ಲಿ ಎಲ್‌ಟಿಎಸ್ ಎಂಬ ಆವೃತ್ತಿಗಳಿವೆ, ಎರಡು ವರ್ಷ ದುರಸ್ತಿ ಮಾತ್ರ ಬರುತ್ತಿರುತ್ತದೆ. 2024ರ ಜುಲೈಯ 4.2, 2025ರ ಜುಲೈಯ 4.5 ಅಂಥವು. ಆಫೀಸಿನ ಕೆಲಸಕ್ಕೆ ಅವು, ಆಟಕ್ಕೆ ಹೊಸದು. ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಆವೃತ್ತಿ ಇಟ್ಟುಕೊಂಡರೂ ಒಂದಕ್ಕೊಂದು ತಗಾದೆ ಇಲ್ಲ.

ಗಾಸಿಯನ್ ಸ್ಪ್ಲಾಟ್ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಕೆಲಸಕ್ಕೆ ಎಂತ ಉಪಯೋಗ?

ಸೈಟಿನ ಸುತ್ತ ನಡೆದು ನೂರಿನ್ನೂರು ಫೋಟೋ ತೆಗೆಯುತ್ತೀರಿ. ಸಾಫ್ಟ್‌ವೇರ್ ಆ ಜಾಗವನ್ನು ಲಕ್ಷಾಂತರ ಬಣ್ಣದ ಮಸುಕು ಚುಕ್ಕೆಗಳಾಗಿ ಕಟ್ಟುತ್ತದೆ. ಯಾವ ಕಡೆಯಿಂದ ನೋಡಿದರೂ ಫೋಟೋದಂತೆಯೇ ಕಾಣುತ್ತದೆ. 2023ರಲ್ಲಿ ಇದರ ಸಂಶೋಧನೆ ಬಂತು, ಮುಂದಿನ ವರ್ಷವೇ ವಿ-ರೇ 7ರೊಳಗೆ ಸೇರಿತು.

ನಾವು ಬಹಳ ಕಷ್ಟಪಡುವುದು ಮನೆಯ ಸುತ್ತಲಿನದ್ದಕ್ಕೆ. ಹಳೆಯ ಬಾವಿಕಟ್ಟೆ, ಹಲಸಿನ ಮರ, ಪಕ್ಕದವರ ಪಾಗಾರ, ಇಳಿಜಾರಿನ ದಾರಿ. ಇವನ್ನು ಮಾಡೆಲ್ ಮಾಡಿ ಮುಗಿಯುವುದಿಲ್ಲ. ಸ್ಪ್ಲಾಟ್ ಇದ್ದರೆ ಅದೇ ಹಲಸಿನ ಮರದ ಪಕ್ಕ ಹೊಸ ಮನೆಯನ್ನು ಇಟ್ಟು ತೋರಿಸಬಹುದು. ಕಡಿಯಬೇಕೆಂದಿದ್ದ ಮರ ಉಳಿದದ್ದೂ ಉಂಟು.

ಕುಂದು ಒಂದಿದೆ. ಫೋಟೋ ತೆಗೆದಾಗ ಇದ್ದ ಬೆಳಕು ಅದರಲ್ಲಿ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ತೆಗೆದ ಸ್ಪ್ಲಾಟ್‌ಗೆ ಸಂಜೆಯ ಸೂರ್ಯ ಹಾಕಿದರೆ ಮನೆಯ ನೆರಳು ಒಂದು ಕಡೆ, ಮರದ ನೆರಳು ಇನ್ನೊಂದು ಕಡೆ. ಇದಕ್ಕೂ ಮೋಡ ಕವಿದ ದಿನವೇ ಒಳ್ಳೆಯದು. ಗಾಳಿ ಇರಬಾರದು, ತೆಂಗಿನ ಗರಿ ಅಲ್ಲಾಡಿದರೆ ಎಲ್ಲ ಮಸುಕು.

ಎಐಗೆ ಕೊಟ್ರೆ ಹತ್ತು ಸೆಕೆಂಡಿನಲ್ಲಿ ಇದಕ್ಕಿಂತ ಚಂದ ಮಾಡ್ತದೆ. ನೀವು ಯಾಕೆ ಕೂತು ಕಷ್ಟಪಡುದು?

ಚಂದ ಮಾಡುತ್ತದೆ, ಸುಳ್ಳಲ್ಲ. ವಿ-ರೇ ಮಾಡುವ ಕೇಯಾಸ್ ಕಂಪನಿಯದರಲ್ಲೂ ಡಿ5ರಲ್ಲೂ ಎಐ ಎನ್‌ಹಾನ್ಸರ್ ಬಂದಿದೆ. ಗೊಂಬೆಯಂತೆ ಕಾಣುವ ಮನುಷ್ಯರನ್ನು, ಪ್ಲಾಸ್ಟಿಕ್ಕಿನಂಥ ಗಿಡಗಳನ್ನು ನಿಜದಂತೆ ಮಾಡುತ್ತದೆ. ಅಷ್ಟಕ್ಕೆ ನಾನೂ ಬಳಸುತ್ತೇನೆ. ಕೆಲಸದ ಶುರುವಿನಲ್ಲಿ ಹತ್ತು ನಮೂನೆ ತೋರಿಸಿ ಗಿರಾಕಿಯ ರುಚಿ ತಿಳಿಯಲೂ ಒಳ್ಳೆಯದು.

ಪೂರ್ತಿ ಚಿತ್ರವನ್ನೇ ಅದರ ಕೈಗೆ ಕೊಟ್ಟಾಗ ಆದದ್ದು ಕೇಳಿ. ಸಿಟೌಟಿಗೆ ನಾಲ್ಕು ಕಂಬ ಇತ್ತು, ಮೂರಾಯಿತು. ಮುರಕಲ್ಲು ಇಟ್ಟಿಗೆಯಾಯಿತು. ಕಿಟಕಿಯ ಸರಳುಗಳು ಮಾಯ. ಮಂಗಳೂರು ಹಂಚಿನ ಮಾಡು ಯಾವುದೋ ಪರದೇಶದ ಮಾಡಿನಂತೆ ನುಣುಪಾಯಿತು. ಗಿರಾಕಿಗೆ ಅದೇ ಹಿಡಿಸಿತು! ಆ ಮೂರು ಕಂಬದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಮೇಸ್ತ್ರಿಗೆ ತೋರಿಸಿದರು. ಮೇಸ್ತ್ರಿ ತುಳುವಿನಲ್ಲಿ ನನಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅಂದಿನಿಂದ ಎಐ ಮುಟ್ಟಿದ ಚಿತ್ರದ ಪಕ್ಕ ಮುಟ್ಟದ ಚಿತ್ರವನ್ನೂ ಕಳಿಸುತ್ತೇನೆ. ಗೋಡೆ, ಕಂಬ, ಕಿಟಕಿಗಳಿಗೆ ಮಾಸ್ಕ್ ಹಾಕಿ ಅಲ್ಲಿಗೆ ಎಐ ಕೈ ಹಾಕದಂತೆ ನೋಡಿಕೊಳ್ಳುತ್ತೇನೆ.

ಅಣ್ಣ ದುಬೈಯಲ್ಲಿದ್ದಾನೆ. ಅವನಿಗೆ ಮನೆಯೊಳಗೆ ನಡೆದ ಹಾಗೆ ತೋರಿಸ್ಲಿಕ್ಕೆ ಆಗ್ತದಾ?

ಆಗುತ್ತದೆ. ಸುಲಭದ ದಾರಿ 360 ಡಿಗ್ರಿ ಪನೋರಮಾ. ಕೋಣೆಯ ನಡುವೆ ಕ್ಯಾಮೆರಾ ಇಟ್ಟು ಸುತ್ತಲಿನದ್ದನ್ನೆಲ್ಲ ಒಂದೇ ಚಿತ್ರದಲ್ಲಿ ತೆಗೆಯುವುದು. ಅಗಲ ಎತ್ತರದ ಎರಡು ಪಟ್ಟು ಇರಬೇಕು, 8192 ಕ್ಕೆ 4096 ಇದ್ದರೆ ಫೋನಿನಲ್ಲಿ ಸ್ಪಷ್ಟ ಕಾಣುತ್ತದೆ. ಎನ್‌ಸ್ಕೇಪ್, ಟ್ವಿನ್‌ಮೋಷನ್ ಇದಕ್ಕೆ ಲಿಂಕ್ ಮಾಡಿ ಕೊಡುತ್ತವೆ. ಅವರು ಏನೂ ಹಾಕಿಕೊಳ್ಳಬೇಕಾಗಿಲ್ಲ, ಲಿಂಕ್ ಒತ್ತಿ ಫೋನ್ ತಿರುಗಿಸಿದರೆ ಆಯಿತು. ಕ್ಯಾಮೆರಾದ ಎತ್ತರ ಮಾತ್ರ ಮನುಷ್ಯನ ಕಣ್ಣಿನ ಎತ್ತರಕ್ಕೆ ಇರಲಿ. ಏಳು ಅಡಿಗೆ ಇಟ್ಟರೆ ಕೋಣೆ ದೊಡ್ಡದು ಕಾಣುತ್ತದೆ, ಮನೆಗೆ ಬಂದ ಮೇಲೆ ಸಣ್ಣದು ಅನ್ನಿಸುತ್ತದೆ.

ಹೋದ ವರ್ಷ ಹೀಗೇ ಒಬ್ಬರಿಗೆ ಅಡುಗೆಮನೆಯ ಪನೋರಮಾ ಕಳಿಸಿದ್ದೆವು. ಕೌಂಟರಿನ ಗ್ರಾನೈಟ್, ಕಬೋರ್ಡಿನ ಬಣ್ಣ, ದೀಪಗಳಿಗೆ ಎರಡು ದಿನ ಕೂತಿದ್ದೆ. ಅವರು ಅದ್ಯಾವುದನ್ನೂ ಕೇಳಲಿಲ್ಲ. ‘ಅಮ್ಮ ಒಲೆಯ ಹತ್ತಿರ ನಿಂತರೆ ಬಾವಿ ಕಾಣ್ತದಾ?’ ಎಂದರು. ಲಿಂಕ್ ತೆರೆದು ತಿರುಗಿಸಿ ನೋಡಿದೆ. ಕಾಣುತ್ತಿರಲಿಲ್ಲ, ಗೋಡೆ ಅಡ್ಡ. ಕಿಟಕಿಯನ್ನು ಒಂದೂವರೆ ಅಡಿ ಎಡಕ್ಕೆ ಸರಿಸಿ ಮತ್ತೆ ಕಳಿಸಿದೆ.